ಒಬ್ಬ ರೈಟರ್, ಇಬ್ಬರು ಮೇಸ್ತ್ರಿ, ಮೂವತ್ತು ಸೈಟೇಶನ್

ನಾನು ಪ್ರೊಫೆಸರ್ ಆಗುತ್ತೇನೆಂಬುದರಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ. ಸಂಶಯವಿದ್ದದ್ದು ನಮ್ಮ ಕಾಲೇಜಿಗೆ ಮಾತ್ರ!

ಮೂಡಿಗೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಇಪ್ಪತ್ತಮೂರು ವರ್ಷಗಳಿಂದ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ ಎಂದು ಕಾಫಿ ಬೆಳೆಗಾರರ ಮಕ್ಕಳಿಗೇ ಹೇಳಿಕೊಟ್ಟ ಧೈರ್ಯಶಾಲಿ ನಾನು. ಬೆಲೆ ಬಿದ್ದ ವರ್ಷ ಅವರ ಅಪ್ಪಂದಿರು ಸ್ಟಾಫ್ ರೂಮಿಗೇ ಬಂದು ನನ್ನಿಂದ ವಿವರಣೆ ಕೇಳಿದ್ದೂ ಉಂಟು. ಇಷ್ಟಾದರೂ ನನ್ನ ಕೋಣೆಯ ಬಾಗಿಲ ಮೇಲೆ ‘ಸಹ ಪ್ರಾಧ್ಯಾಪಕ’ ಎಂದೇ ಬರೆದಿತ್ತು. ಆ ‘ಸಹ’ ಎಂಬ ಎರಡಕ್ಷರ ಅಳಿಸಬೇಕು, ನಿವೃತ್ತಿಗೆ ಮೊದಲು ಕೆಲವು ವರ್ಷವಾದರೂ ಪೂರ್ತಿ ಪ್ರಾಧ್ಯಾಪಕನಾಗಿ ಕುರ್ಚಿಯಲ್ಲಿ ಕೂರಬೇಕು. ನನ್ನ ಆಸೆ ಇಷ್ಟೇ.

ಅಷ್ಟರಲ್ಲಿ ಹೊಸ ನಿಯಮ ಬಂತು. ಪ್ರೊಫೆಸರ್ ಆಗಬೇಕಾದರೆ ಕನಿಷ್ಠ ಮೂವತ್ತು ಸೈಟೇಶನ್ ಇರಬೇಕಂತೆ. ಈ ವ್ಯವಹಾರ ಗೊತ್ತಿಲ್ಲದ ಪುಣ್ಯವಂತರಿಗಾಗಿ ಹೇಳುತ್ತೇನೆ. ನೀವು ಬರೆದ ಸಂಶೋಧನಾ ಲೇಖನವನ್ನು ಇನ್ನೊಬ್ಬ ಪಂಡಿತ ತನ್ನ ಲೇಖನದಲ್ಲಿ ‘ಇಂಥವರು ಹೀಗೆಂದಿದ್ದಾರೆ’ ಎಂದು ಹೆಸರಿಸಿದರೆ ಅದು ಒಂದು ಸೈಟೇಶನ್. ಅದನ್ನೆಲ್ಲ ಒಂದು ವೆಬ್‌ಸೈಟು ಎಣಿಸಿ, ನಿಮ್ಮ ಭಾವಚಿತ್ರದ ಪಕ್ಕದಲ್ಲಿ ಜಗತ್ತಿಗೆಲ್ಲ ಕಾಣುವಂತೆ ಹಾಕುತ್ತದೆ. ನನ್ನ ಭಾವಚಿತ್ರದ ಪಕ್ಕದಲ್ಲಿ ‘ನಾಲ್ಕು’ ಎಂದಿತ್ತು. ಅದರಲ್ಲಿ ಮೂರು ಸಲ ನನ್ನನ್ನು ಹೆಸರಿಸಿದವನು ನಾನೇ. ನಾಲ್ಕನೆಯದು ಹಾಸನದ ಒಬ್ಬ ಗೆಳೆಯ, ಅದೂ ಎರಡು ಸಲ ಮಸಾಲೆ ದೋಸೆ ಕೊಡಿಸಿದ ಮೇಲೆ.

ನನ್ನ ಹೆಂಡತಿ ಗೌರಿಯ ತಮ್ಮ ಪ್ರಸನ್ನ ಗೋಣಿಬೀಡಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಮ್ಯಾನೇಜರು. ಒಂದು ಭಾನುವಾರ ಊಟಕ್ಕೆ ಬಂದಿದ್ದಾಗ ಅವನ ಹತ್ತಿರ ನನ್ನ ಕಷ್ಟ ತೋಡಿಕೊಂಡೆ.

“ಮೂವತ್ತು ಸೈಟಾ?” ಅವನ ಕೈಯ ಕಡುಬು ಬಾಯಿಯ ಹತ್ತಿರವೇ ನಿಂತಿತು. “ಎಂತ ಭಾವ, ಒಂದು ಪ್ರಮೋಶನ್ನಿಗೆ ಮೂವತ್ತು ಸೈಟು ಕೇಳ್ತಾರಾ? ಪೇಪರಿನವರಿಗೆ ಹೇಳಿ ನೀವು!”

“ಸೈಟಲ್ಲ ಮಾರಾಯ, ಸೈಟೇಶನ್!”

“ಅದೇ, ನಿಮ್ಮ ಹತ್ರ ಈಗ ಎಷ್ಟಿದೆ?”

“ನಾಲ್ಕು.”

“ಎಲ್ಲಿ?”

“ಎಲ್ಲೂ ಇಲ್ಲ ಕಣೋ,” ಎಂದು ಗೌರಿ ಸಾರು ಬಡಿಸುತ್ತಾ ಹೇಳಿದಳು. “ಮನೆ ಕಟ್ಟೋಕೂ ಆಗಲ್ಲ, ಮಾರೋಕೂ ಆಗಲ್ಲ. ಅಂಥ ಸೈಟು.”

ನಾನು ಅವಮಾನವನ್ನು ಸಾರಿನ ಜೊತೆ ನುಂಗಿಕೊಂಡು ಅಂದೇ ಶಪಥ ಮಾಡಿದೆ. ಜಗತ್ತೇ ತಿರುಗಿ ನೋಡುವಂಥ ಲೇಖನ ಬರೆಯುತ್ತೇನೆ!

ವಿಷಯ ಕಾಲ ಬುಡದಲ್ಲೇ ಇತ್ತು. ಕಾಫಿ ಎಸ್ಟೇಟಿನಲ್ಲಿ ಮೇಲ್ವಿಚಾರಣೆ ಹೆಚ್ಚಿದರೆ ಉತ್ಪಾದನೆ ಹೆಚ್ಚುತ್ತದೆಯೇ? ಗೋಣಿಬೀಡು, ಬಣಕಲ್, ಆಲ್ದೂರು ಎಂದು ಸ್ಕೂಟರಿನಲ್ಲಿ ಸುತ್ತಿದೆ. ಎರಡು ಸಲ ಜಾರಿ ಬಿದ್ದೆ, ಮೂರು ಕಡೆ ನಾಯಿ ಅಟ್ಟಿಸಿಕೊಂಡು ಬಂತು. ಪ್ರತಿ ಎಸ್ಟೇಟಿನಲ್ಲೂ ಎಷ್ಟು ಜನ ರೈಟರ್, ಎಷ್ಟು ಜನ ಮೇಸ್ತ್ರಿ, ಎಷ್ಟು ಮೂಟೆ ಪಾರ್ಚ್‌ಮೆಂಟ್ ಎಂದು ಬರೆದುಕೊಂಡೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಹೇಳುತ್ತೇನೆ: ರೈಟರ್ ಎಂದರೆ ಎಸ್ಟೇಟಿನ ಗುಮಾಸ್ತ, ಬೆಳಿಗ್ಗೆ ಆಳುಗಳ ಹಾಜರಿ ಬರೆಯುವವನು. ಮೇಸ್ತ್ರಿ ಎಂದರೆ ಆ ಆಳುಗಳನ್ನು ಕರೆದೊಯ್ದು ಕೆಲಸ ಮಾಡಿಸುವವನು. ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಕಣದಲ್ಲಿ ಒಣಗಿಸಿದ ಕಾಫಿ ಬೀಜ. ಇವು ಮೂರೂ ಇಂಗ್ಲಿಷಿನಿಂದಲೋ ಇನ್ನೆಲ್ಲಿಂದಲೋ ಬಂದು, ನಮ್ಮ ತೋಟಗಳಲ್ಲಿ ನೆಂಟರಂತೆ ಉಳಿದುಬಿಟ್ಟ ಮಾತುಗಳು.

ಲೇಖನವನ್ನು ಇಂಗ್ಲಿಷಿನಲ್ಲಿ ಬರೆದೆ. ನನ್ನ ಇಂಗ್ಲಿಷು ಕೆಟ್ಟದ್ದೇನಲ್ಲ, ಆದರೆ ಸ್ವಲ್ಪ ಕುಂಟುತ್ತದೆ. ಅದಕ್ಕೆಂದೇ ಇಂಗ್ಲಿಷನ್ನು ತಿದ್ದಿ ತೀಡುವ ಒಂದು ಆ್ಯಪ್ ಹಾಕಿಸಿಕೊಂಡೆ. ಅದು ನನ್ನ ಲೇಖನವನ್ನು ನೋಡಿ, ಇನ್ನೂರಕ್ಕೂ ಹೆಚ್ಚು ತಿದ್ದುಪಡಿ ಸೂಚಿಸಿ, ಕೆಳಗೆ ‘ಎಲ್ಲವನ್ನೂ ಒಪ್ಪುತ್ತೀರಾ?’ ಎಂದು ವಿನಯದಿಂದ ಕೇಳಿತು. ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಅಷ್ಟು ವಿನಯದಿಂದ ಏನನ್ನೂ ಕೇಳಿದ್ದಿಲ್ಲ. ಒಪ್ಪಿದೆ! ಹತ್ತು ನಿಮಿಷದಲ್ಲಿ ಲೇಖನ ಒಂದು ವಿದೇಶಿ ಪತ್ರಿಕೆಗೆ ಹೋಯಿತು, ಹದಿನೈದು ದಿನದಲ್ಲಿ ಪ್ರಕಟವೂ ಆಯಿತು. ಅಲ್ಲಿಯೂ ಯಾರಿಗೋ ಬಹಳ ಅವಸರವಿತ್ತೆಂದು ಕಾಣುತ್ತದೆ.

ನಾಲ್ಕು ತಿಂಗಳು ಸುದ್ದಿಯಿಲ್ಲ. ಐದನೇ ತಿಂಗಳು ನಾಲ್ಕಿದ್ದದ್ದು ಐದಾಯಿತು. ಹದಿನೈದು ದಿನ ಬಿಟ್ಟು ನೋಡಿದರೆ ಒಂಬತ್ತು. ಆಮೇಲೆ ಹದಿನಾಲ್ಕು. ದೀಪಾವಳಿ ಹೊತ್ತಿಗೆ ಇಪ್ಪತ್ತೇಳು!

ನನ್ನನ್ನು ಹೆಸರಿಸಿದವರ ಪಟ್ಟಿ ನೋಡಿದೆ. ಒಬ್ಬರು ಪ್ರಾಚೀನ ಹಸ್ತಪ್ರತಿಗಳ ತಜ್ಞರು. ಇನ್ನೊಬ್ಬರು ಗ್ರಾಮೀಣ ವಾದ್ಯವೃಂದಗಳ ಬಗ್ಗೆ ಬರೆದವರು. ಮತ್ತೊಬ್ಬರು ಸಾಹಿತಿಗಳಿಗೆ ಆಶ್ರಯ ಕೊಟ್ಟ ಜಮೀನುದಾರರ ಚರಿತ್ರೆಕಾರರು. ಅರ್ಥಶಾಸ್ತ್ರದವರು ಮಾತ್ರ ಒಬ್ಬರೂ ಇರಲಿಲ್ಲ. ಯಾವ ಸಾಮಾನ್ಯ ಮನುಷ್ಯನಿಗಾದರೂ ಇಲ್ಲಿ ಅನುಮಾನ ಬರಬೇಕು. ನನಗೆ ಬಂದದ್ದು ಹೆಮ್ಮೆ! ನನ್ನ ಚಿಂತನೆ ಶಾಸ್ತ್ರಗಳ ಗಡಿ ದಾಟಿ ಹರಿಯುತ್ತಿದೆ ಎಂದುಕೊಂಡೆ. ಕ್ಷೌರದಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲಿ ಎರಡು ಕಿವಿ ಕಂಡರೂ ಅಲ್ಲೆಲ್ಲ ಇಪ್ಪತ್ತೇಳರ ಸುದ್ದಿ ಹೇಳಿದೆ.

ನಮ್ಮ ಪ್ರಿನ್ಸಿಪಾಲರು ಸನ್ಮಾನಪ್ರಿಯರು. ಯಾರನ್ನಾದರೂ ಸನ್ಮಾನಿಸದೆ ಒಂದು ತಿಂಗಳು ಕಳೆದರೆ ಅವರಿಗೆ ನಿದ್ದೆ ಬರುವುದಿಲ್ಲ. ಕಾಲೇಜಿನ ಗೇಟಿಗೆ ‘ಸೈಟೇಶನ್ ಸರದಾರ’ ಎಂಬ ಬ್ಯಾನರ್ ಕಟ್ಟಿಸಿದರು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. “ಇನ್ನು ಮೂರೇ ಮೂರು!” ಎಂದು ಮೈಕಿನಲ್ಲಿ ಘೋಷಿಸಿದರು. ಮಕ್ಕಳು ಕ್ರಿಕೆಟ್ ಪಂದ್ಯವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಆ ಮೂರು ತಾವಾಗಿಯೇ ನಡೆದು ಬರುವಂತೆ ಒಂದು ಇಮೇಲ್ ಬಂತು. ಯುರೋಪಿನ ಯಾವುದೋ ಚಳಿದೇಶದ ಪ್ರೊಫೆಸರ್ ಇಂಗ್ರಿಡ್ ಎಂಬ ಹೆಂಗಸು ಬರೆದಿದ್ದರು. ನನ್ನ ಲೇಖನ ಓದಿ ಬೆರಗಾಗಿದ್ದಾರಂತೆ. ತಮ್ಮ ಹೊಸ ಪುಸ್ತಕದಲ್ಲಿ ನನ್ನ ಸಂಶೋಧನೆಗೆ ಒಂದು ಇಡೀ ಅಧ್ಯಾಯ ಮೀಸಲಿಟ್ಟಿದ್ದಾರಂತೆ. ಅವರ ನಾಲ್ವರು ಶಿಷ್ಯರೂ ಅದನ್ನೇ ಹಿಡಿದು ಬರೆಯುತ್ತಿದ್ದಾರಂತೆ. ಜನವರಿಯಲ್ಲಿ ಭಾರತಕ್ಕೆ ಬರುವವರಿದ್ದಾರೆ. ‘ನಿಮ್ಮ ಎಸ್ಟೇಟುಗಳ ಲೇಖಕರನ್ನೂ, ಸಂಗೀತದ ಮಹಾವಿದ್ವಾಂಸರನ್ನೂ ಕಣ್ಣಾರೆ ನೋಡುವ ಭಾಗ್ಯ ಕೊಡಿಸುವಿರಾ?’ ಎಂದು ಕೇಳಿದ್ದರು.

ನಾನು ಆ ಸಾಲನ್ನು ಮೂರು ಸಲ ಓದಿದೆ. ಗೌರಿ ಪಕ್ಕದಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಅವಳು ಪ್ರೈಮರಿ ಶಾಲೆಯ ಟೀಚರು. ಮಕ್ಕಳ ಕಾಪಿ ತಿದ್ದಿ ತಿದ್ದಿ ತಪ್ಪು ಎಲ್ಲಿದೆಯೆಂದು ದೂರದಿಂದಲೇ ಅವಳಿಗೆ ಗೊತ್ತಾಗುತ್ತದೆ.

“ಕೊಡಿ ಇಲ್ಲಿ ನಿಮ್ಮ ಲೇಖನ,” ಎಂದು ಲ್ಯಾಪ್‌ಟಾಪ್ ಎಳೆದುಕೊಂಡಳು. ಎರಡು ಪುಟ ಓದಿದಳು. ಆಮೇಲೆ ಅವಳ ಭುಜ ಕುಣಿಯತೊಡಗಿತು.

“ರೀ, ಪ್ರತಿ ಎಸ್ಟೇಟಲ್ಲೂ ಒಬ್ಬ ಆಥರ್ ಇರ್ತಾನಂತೆ?”

“ಆಥರ್ ಎಲ್ಲಿಂದ ಬಂದ? ನಾನು ಬರೆದದ್ದು ರೈಟರ್.”

“ಅವನ ಜೊತೆ ಇಬ್ಬರು ಮಾಯೆಸ್ಟ್ರೋ ಇರ್ತಾರಂತೆ?”

“ಮೇಸ್ತ್ರಿ! ಮೇಸ್ತ್ರಿ ಅಂತ ಬರೆದಿದ್ದೆ!”

“ಎಲ್ಲಾ ಸೇರ್ಕೊಂಡು ಮೂಟೆಗಟ್ಟಲೆ ಪಾರ್ಚ್‌ಮೆಂಟ್ ಮಾಡ್ತಾರಂತೆ!” ಎಂದು ಅವಳು ಅವರೆಕಾಯಿಯ ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು.

ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡು ನೋಡಿದೆ. ರೈಟರ್ ಎಂಬುದನ್ನು ಆ ವಿನಯವಂತ ಆ್ಯಪ್ ಲೇಖಕನನ್ನಾಗಿ ಮಾಡಿತ್ತು. ಮೇಸ್ತ್ರಿಯ ಕಾಗುಣಿತ ತಪ್ಪೆಂದು ಭಾವಿಸಿ ಸಂಗೀತದ ಮಹಾವಿದ್ವಾಂಸನನ್ನಾಗಿ ತಿದ್ದಿತ್ತು. ಪಾರ್ಚ್‌ಮೆಂಟನ್ನು ಮಾತ್ರ ಮುಟ್ಟಿರಲಿಲ್ಲ, ಏಕೆಂದರೆ ಇಂಗ್ಲಿಷಿನಲ್ಲಿ ಆ ಮಾತಿಗೆ ಹಿಂದಿನ ಕಾಲದಲ್ಲಿ ಗ್ರಂಥ ಬರೆಯುತ್ತಿದ್ದ ಚರ್ಮದ ಹಾಳೆ ಎಂಬ ಅರ್ಥ ಇದ್ದೇ ಇದೆ! ಈಗ ನನ್ನ ಮಹಾಸಂಶೋಧನೆಯ ತಿರುಳು ಹೀಗಿತ್ತು: ‘ಈ ಬೆಟ್ಟಗಳಲ್ಲಿ ಪ್ರತಿ ಎಸ್ಟೇಟೂ ಒಬ್ಬ ಲೇಖಕನನ್ನು ಸಾಕುತ್ತದೆ. ಲೇಖಕನು ಬೆಳಿಗ್ಗೆ ಏಳಕ್ಕೆ ಕಾರ್ಮಿಕರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾನೆ. ಮಹಾವಿದ್ವಾಂಸನ ಕಂಠ ಜೋರಾದಷ್ಟೂ ಕೆಲಸ ಚುರುಕಾಗುತ್ತದೆ. ಇಬ್ಬರು ಲೇಖಕರಿರುವಲ್ಲಿ ಪಾರ್ಚ್‌ಮೆಂಟ್ ಹೆಚ್ಚು. ಮಳೆ ಬಂದರೆ ಪಾರ್ಚ್‌ಮೆಂಟ್ ನೆನೆಯದಂತೆ ಒಳಗೆ ಸೇರಿಸುವುದು ಲೇಖಕನ ಹೊಣೆ.’

ನಗುವುದು ಮುಗಿದ ಮೇಲೆ ಗೌರಿ ಕಣ್ಣೊರೆಸಿಕೊಂಡಳು. ಆಮೇಲೆ ಅವಳ ಮುಖ ಬೇರೆಯಾಯಿತು.

“ಅಲ್ಲಾ ರೀ, ಮಾವ ಏನಾಗಿದ್ರು?”

ನನ್ನ ಅಪ್ಪ ಮೂವತ್ತೈದು ವರ್ಷ ಎಸ್ಟೇಟ್ ರೈಟರ್ ಆಗಿದ್ದವರು. ನನ್ನ ಶಾಲೆ, ಕಾಲೇಜು, ಡಾಕ್ಟರೇಟು ಎಲ್ಲವೂ ಆ ರೈಟರ್ ಕೆಲಸದಿಂದಲೇ ಬಂದದ್ದು. ಆ ಮಾತು ಲೇಖನದಿಂದ ಮಾಯವಾದದ್ದು ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗಬೇಕಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

“ಆ ಪ್ರೊಫೆಸರಮ್ಮನಿಗೆ ಈಗ್ಲೇ ಬರೆದುಬಿಡಿ, ಹೀಗೆ ತಪ್ಪಾಗಿದೆ ಅಂತ,” ಎಂದಳು ಗೌರಿ. “ಅಷ್ಟು ದೂರದಿಂದ ಸುಮ್ನೆ ಯಾಕೆ ಬರ್ಬೇಕು ಪಾಪ.”

“ಬರೀತೀನಿ,” ಎಂದೆ. ಬರೆಯಲು ಕೂತೆ ಕೂಡ. ಆದರೆ ಬೆರಳು ಕೀಲಿಗಳ ಮೇಲೆ ನಿಂತಾಗ ಲೆಕ್ಕ ತಲೆಗೆ ಬಂತು. ಅವರ ಒಂದು ಅಧ್ಯಾಯ, ನಾಲ್ವರು ಶಿಷ್ಯರು, ಒಟ್ಟು ಐದು. ಇಪ್ಪತ್ತೇಳು ಮತ್ತು ಐದು ಮೂವತ್ತೆರಡು! ಪ್ರಮೋಶನ್ನಿನ ಸಂದರ್ಶನ ಮಾರ್ಚಿನಲ್ಲಿ. ಕೊನೆಗೆ ನಾನು ಬರೆದದ್ದು ಇಷ್ಟೇ: ‘ದಯವಿಟ್ಟು ಬನ್ನಿ. ತಮಗೆ ಹಾರ್ದಿಕ ಸ್ವಾಗತ.’

ಪ್ರಸನ್ನನಿಗೆ ಫೋನು ಮಾಡಿ ಗುಟ್ಟು ಹೇಳಿದೆ. “ಒಂದು ಗಂಟೆ ಸಂಭಾಳಿಸಿದರೆ ಸಾಕು ಮಾರಾಯ. ಅವರಿಗೆ ಕನ್ನಡ ಬರೋಲ್ಲ, ನಿಮ್ಮವರಿಗೆ ಇಂಗ್ಲಿಷು ಬರೋಲ್ಲ. ನಡುವೆ ನಾನೇ ಅನುವಾದ ಮಾಡ್ತೇನೆ. ಯಾರಿಗೂ ಸುಳ್ಳು ಹೇಳುವ ಪ್ರಮೇಯವೇ ಇಲ್ಲ!”

“ಬಿಡಿ ಭಾವ, ನಾನಿದ್ದೇನಲ್ಲ,” ಎಂದ ಅವನು. ಅವನು ಹಾಗೆಂದಾಗಲೆಲ್ಲ ನನಗೆ ಅನಾಹುತವಾಗಿದೆ. ಆದರೂ ನಂಬಿದೆ.

ಜನವರಿಯ ಒಂದು ಬೆಳಿಗ್ಗೆ ಇಂಗ್ರಿಡ್ ಬಂದಿಳಿದರು. ಅರವತ್ತರ ಆಸುಪಾಸು, ಎತ್ತರದ ಆಳು, ಬೆನ್ನಿಗೊಂದು ಚೀಲ, ಕೈಯಲ್ಲಿ ನನ್ನ ಲೇಖನದ ಪ್ರತಿ. ಅದರ ತುಂಬ ಹಳದಿ ಗೆರೆ ಎಳೆದಿದ್ದರು. ನಮ್ಮ ಪ್ರಿನ್ಸಿಪಾಲರು ಹೂಗುಚ್ಛ ಹಿಡಿದು ತಾವೂ ಜೀಪು ಹತ್ತಿದರು. ವಿದೇಶಿ ಅತಿಥಿಯನ್ನು ಕಾಲೇಜಿನ ಕಡೆಯಿಂದ ಎಸ್ಟೇಟಿನಲ್ಲಿಯೇ ಸನ್ಮಾನಿಸುತ್ತಾರಂತೆ!

ಎಸ್ಟೇಟಿನ ಕಣದ ಹತ್ತಿರ ಜೀಪು ನಿಂತಿತು. ಪ್ರಸನ್ನ ‘ನಾನಿದ್ದೇನಲ್ಲ’ ಎಂದದ್ದರ ಅರ್ಥ ಆಗ ತಿಳಿಯಿತು. ರೈಟರ್ ಮಂಜಯ್ಯನವರಿಗೆ ಜುಬ್ಬಾ ತೊಡಿಸಿ, ಹೆಗಲಿಗೆ ಜರಿಶಾಲು ಹೊದಿಸಿ ನಿಲ್ಲಿಸಿದ್ದ. ಅವರು ಆ ಶಾಲನ್ನು ತಮ್ಮ ಮೇಲೆ ಬಂದು ಕುಳಿತ ಹಕ್ಕಿಯಂತೆ ಅಲುಗಾಡದೆ ಹೊತ್ತುಕೊಂಡಿದ್ದರು. ಪಕ್ಕದಲ್ಲಿ ಮೇಸ್ತ್ರಿ ದೇಜಪ್ಪ, ಭಜನಾ ಮಂದಿರದಿಂದ ತಂದ ಹಾರ್ಮೋನಿಯಂ ತಬ್ಬಿಕೊಂಡಿದ್ದ!

“ಇದೆಲ್ಲ ಎಂತ ಮಾರಾಯ?” ಎಂದು ಪ್ರಸನ್ನನ ಕಿವಿಯಲ್ಲಿ ಹಲ್ಲು ಕಡಿದೆ.

“ಸಾಹಿತಿ ಅಂದ್ಮೇಲೆ ಶಾಲು ಬೇಡ್ವಾ ಭಾವ?” ಎಂದ ಅವನು ಮುಗ್ಧನಾಗಿ. “ಇಬ್ಬರು ಮೇಸ್ತ್ರಿ ಅಂತ ಬರ್ದಿದ್ದೀರಿ. ಇನ್ನೊಬ್ಬನಿಗೆ ತಬಲ ಸಿಕ್ಲಿಲ್ಲ, ಹಾಗಾಗಿ ಹಣ್ಣು ಕುಯ್ಸೋಕೆ ಕಳ್ಸಿದೆ.”

ಇಂಗ್ರಿಡ್ ಮಂಜಯ್ಯನವರಿಗೆ ಭಕ್ತಿಯಿಂದ ಕೈಮುಗಿದರು. “ನೀವು ಏನು ಬರೆಯುತ್ತೀರಿ ಎಂದು ಕೇಳಿ,” ಎಂದು ನನಗೆ ಹೇಳಿದರು.

ಕೇಳಿದೆ.

“ಚೆಕ್‌ರೋಲ್ ಬರೀತೀನಿ ಸಾರ್,” ಎಂದರು ಮಂಜಯ್ಯ. ಚೆಕ್‌ರೋಲ್ ಎಂದರೆ ಆಳುಗಳ ಹಾಜರಿ ಪುಸ್ತಕ. ನಾನು ಅನುವಾದಿಸಿದೆ: “ದುಡಿಯುವ ಜನರ ಬಗ್ಗೆ ಬರೆಯುತ್ತಾರೆ.”

“ದಿನಕ್ಕೆ ಎಷ್ಟು?”

“ಈಗ ಸೀಜನ್ನು, ಎಂಬತ್ತು ಆಳು ಬರ್ತಾರೆ.”

“ಒಂದು ಕೃತಿಯಲ್ಲಿ ಎಂಬತ್ತು ಪಾತ್ರಗಳು,” ಎಂದೆ. ಇಂಗ್ರಿಡ್ ಅವಸರವಸರವಾಗಿ ಬರೆದುಕೊಂಡರು.

“ಅಷ್ಟು ಪಾತ್ರಗಳನ್ನು ಹೇಗೆ ನಿಭಾಯಿಸುತ್ತಾರೆ?”

“ಬಂದವರಿಗೆ ಬಂದರು ಅಂತ ಹಾಕೋದು, ಬರದವರಿಗೆ ಇಲ್ಲ ಅಂತ ಹಾಕೋದು. ಅದ್ರಲ್ಲಿ ಎಂತ ಇದೆ ಸಾರ್?”

“ಇರುವಿಕೆ ಮತ್ತು ಇಲ್ಲದಿರುವಿಕೆಯೇ ಇವರ ಮುಖ್ಯ ವಸ್ತು,” ಎಂದೆ. ಇಂಗ್ರಿಡ್ ಪೆನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡರು. ಪ್ರಿನ್ಸಿಪಾಲರಿಗೂ ಏನೋ ದೊಡ್ಡದು ನಡೆಯುತ್ತಿದೆ ಎನಿಸಿ ಅವರೂ ಕಣ್ಣು ಮುಚ್ಚಿದರು. ನನಗೆ ಧೈರ್ಯ ಬಂತು. ಸುಳ್ಳೊಂದೂ ಹೇಳಿಲ್ಲವಲ್ಲ!

ಆಮೇಲೆ ಮೇಸ್ತ್ರಿಯ ಸರದಿ. “ಇವರ ಕೈಕೆಳಗೆ ಎಷ್ಟು ಕಲಾವಿದರು?” ಎಂದು ಇಂಗ್ರಿಡ್ ಕೇಳಿದರು. “ನಲವತ್ತು” ಎಂದ ದೇಜಪ್ಪ. “ಹೇಗೆ ತರಬೇತಿ ಕೊಡುತ್ತಾರೆ?” ಎಂಬುದಕ್ಕೆ, “ಬೈತೇನೆ” ಎಂದ. ಅವರ ದೇಶದ ದೊಡ್ಡ ವಾದ್ಯವೃಂದಗಳಲ್ಲಿಯೂ ಹಾಗೆಯೇ ನಡೆಯುತ್ತದಂತೆ, ಇಂಗ್ರಿಡ್ ಒಪ್ಪಿದರು. ಒಂದು ಚೂರು ನುಡಿಸಿ ಎಂದು ಕೇಳಿಕೊಂಡರು. ದೇಜಪ್ಪ ಹಾರ್ಮೋನಿಯಮ್ಮಿನ ಯಾವ ಕಡೆ ಮೇಲೆ, ಯಾವ ಕಡೆ ಕೆಳಗೆ ಎಂದು ತಿರುಗಿಸಿ ನೋಡುತ್ತಿರುವಾಗ ಅದರಿಂದ ತಾನಾಗಿಯೇ ಒಂದು ಸ್ವರ ಹೊರಟಿತು. ಕಣದ ಬದಿಯಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು.

“ಇನ್ನು ಪಾರ್ಚ್‌ಮೆಂಟ್ ತೋರಿಸಿ,” ಎಂದರು ಇಂಗ್ರಿಡ್.

“ಅದರ ಮೇಲೇ ನಿಂತಿದ್ದಾರಲ್ಲ!” ಎಂದ ದೇಜಪ್ಪ.

ಕಣದ ತುಂಬ ಪಾರ್ಚ್‌ಮೆಂಟ್ ಹರಡಿತ್ತು. ಇಂಗ್ರಿಡ್ ಬಗ್ಗಿ ಒಂದು ಬೊಗಸೆ ಎತ್ತಿಕೊಂಡರು. ಬೆಳಕಿಗೆ ಹಿಡಿದರು, ಮೂಸಿದರು.

“ಇದು ಬೀಜ,” ಎಂದರು.

“ಇದು ಕಚ್ಚಾ ಹಂತ,” ಎಂದೆ.

“ಇದರಿಂದ ಬರೆಯುವ ಹಾಳೆ ಹೇಗೆ ಮಾಡುತ್ತಾರೆ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಂಜಯ್ಯ ಹೆಗಲ ಶಾಲು ತೆಗೆದು, ನೀಟಾಗಿ ನಾಲ್ಕು ಮಡಿಕೆ ಮಡಚಿ ಪ್ರಸನ್ನನ ಕೈಗೆ ಕೊಟ್ಟು, ಒಂದು ಹೆಜ್ಜೆ ಮುಂದೆ ಬಂದರು.

“ಮೇಡಂ,” ಎಂದರು. “ಐ ಆಮ್ ರೈಟರ್. ರೈಟರ್ ಮೀನ್ಸ್ ಕ್ಲರ್ಕ್ ಓನ್ಲಿ. ದಿಸ್ ಮ್ಯಾನ್ ಈಸ್ ಸೂಪರ್‌ವೈಸರ್. ಪಾರ್ಚ್‌ಮೆಂಟ್ ಮೀನ್ಸ್ ಕಾಫಿ. ಹಾರ್ಮೋನಿಯಂ ಈಸ್ ಬಾರೋಡ್.”

ಎಸ್ಟೇಟಿನ ಕಂಪನಿ ಪತ್ರಗಳನ್ನೆಲ್ಲ ಮೂವತ್ತು ವರ್ಷದಿಂದ ಇಂಗ್ಲಿಷಿನಲ್ಲಿ ಬರೆಯುತ್ತಿದ್ದವರು ಅವರೇ ಎಂದು ನನಗೆ ಆಮೇಲೆ ಗೊತ್ತಾಯಿತು. ನನ್ನ ಅನುವಾದವನ್ನು ಅವರು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡಿದ್ದರು!

“ಬೇಜಾರು ಮಾಡ್ಕೋಬೇಡಿ ಸಾರ್,” ಎಂದು ಅವರು ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು. “ನಾನು ಕೆಲಸ ಕಲ್ತದ್ದು ನಿಮ್ಮ ತಂದೆಯವ್ರ ಹತ್ರ. ಬರದೇ ಇದ್ದವರಿಗೆ ಹಾಜರಿ ಹಾಕ್ಬೇಡ ಅಂತ ಮೊದಲ ದಿ‍ನವೇ ಹೇಳಿದ್ರು ಅವ್ರು. ಇಲ್ಲದ್ದನ್ನ ಇದೆ ಅಂತ ನೀವು ಹೇಳ್ತಾ ಹೋದ್ರೆ ನಾನು ಹ್ಯಾಗೆ ಸುಮ್ನೆ ನಿಲ್ಲೋದು?”

ನೆಲ ಬಾಯಿ ಬಿಟ್ಟಿದ್ದರೆ ಆ ಪಾರ್ಚ್‌ಮೆಂಟಿನ ಸಮೇತ ಇಳಿದುಹೋಗುತ್ತಿದ್ದೆ.

ಇಂಗ್ರಿಡ್ ಕಣದ ಕಟ್ಟೆಯ ಮೇಲೆ ಕುಳಿತರು. ನನ್ನ ಲೇಖನದ ಹಳದಿ ಗೆರೆಗಳನ್ನು ಒಂದೊಂದಾಗಿ ನೋಡಿದರು. “ನನ್ನ ಪುಸ್ತಕ ಮುಂದಿನ ವಾರ ಮುದ್ರಣಕ್ಕೆ ಹೋಗುತ್ತಿತ್ತು,” ಎಂದರು. ಮುಖ ಬಿಳಿಚಿಕೊಂಡಿತ್ತು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದಾಗ ಅವರಿಗೆ ನಗು ಬಂತು. ಸಣ್ಣದಾಗಿ ಶುರುವಾದದ್ದು ದೊಡ್ಡದಾಗಿ, ಕಣ್ಣಲ್ಲಿ ನೀರು ಬಂದು, ಕಟ್ಟೆಯಿಂದ ಜಾರುವಷ್ಟಾಯಿತು. ದೇಜಪ್ಪನೂ ನಕ್ಕ, ಪ್ರಸನ್ನನೂ ನಕ್ಕ. ಏನೂ ಅರ್ಥವಾಗದ ಪ್ರಿನ್ಸಿಪಾಲರು ಇದೇ ಸುಸಮಯವೆಂದು ಹೂಗುಚ್ಛ ಕೊಟ್ಟೇಬಿಟ್ಟರು!

ಹೊರಡುವ ಮೊದಲು ಇಂಗ್ರಿಡ್ ನನ್ನ ಕೈ ಕುಲುಕಿ, “ನೀವು ಕೂಡಲೇ ತಿದ್ದುಪಡಿ ಪ್ರಕಟಿಸಬೇಕು,” ಎಂದರು. “ಖಂಡಿತ,” ಎಂದೆ. ಮನೆಗೆ ಬಂದು ಜ್ವರವೆಂದು ಮಲಗಿದೆ. ಆಮೇಲೆ ಪರೀಕ್ಷೆ ಬಂತು, ಮೌಲ್ಯಮಾಪನ ಬಂತು, ನೆಂಟರ ಗೃಹಪ್ರವೇಶ ಬಂತು. ತಿದ್ದುಪಡಿ ಮಾತ್ರ ಬರಲಿಲ್ಲ. ಕೊನೆಗೆ ಇಂಗ್ರಿಡ್ ತಾವೇ ಒಂದು ಲೇಖನ ಬರೆದರು. ತಾವು ಹೇಗೆ ಮೋಸಹೋದೆವೆಂದು ಮುಚ್ಚುಮರೆಯಿಲ್ಲದೆ ಬರೆದು, ಮೂಲ ಲೇಖನವನ್ನು ಯಾರೂ ಸರಿಯಾಗಿ ಓದದೆ ಒಬ್ಬರನ್ನು ನೋಡಿ ಒಬ್ಬರು ಉಲ್ಲೇಖಿಸಿದ್ದು ಹೇಗೆಂದು ತೋರಿಸಿದರು. ಸಹಲೇಖಕ ಎಂದು ಮಂಜಯ್ಯನವರ ಹೆಸರನ್ನೂ ಹಾಕಿದ್ದರು.

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ವಿದ್ವತ್ ಪ್ರಪಂಚದ ರೀತಿಯೇ ಬೇರೆ. ಈ ಹಿಂದೆ ನನ್ನನ್ನು ಹೊಗಳಿ ಬರೆದವರೆಲ್ಲ ಈಗ ತಪ್ಪೊಪ್ಪಿಗೆ ಬರೆದರು. ತಪ್ಪೊಪ್ಪಿಕೊಳ್ಳುವಾಗಲೂ ನನ್ನ ಹೆಸರು ಹಾಕಲೇಬೇಕಲ್ಲ! ಸಂಶೋಧನೆ ಹೇಗೆ ಮಾಡಬಾರದು ಎಂದು ಪಾಠ ಹೇಳುವವರು ಒಂದೊಂದು ದೇಶದಲ್ಲೂ ನನ್ನನ್ನು ಉದಾಹರಿಸತೊಡಗಿದರು. ಸಂದರ್ಶನ ನಮ್ಮ ಕಾಲೇಜಿನ ಪದ್ಧತಿಯಂತೆ ಮೂರು ಸಲ ಮುಂದೆ ಹೋಗಿ, ಕೊನೆಗೆ ನಿಗದಿಯಾದ ದಿನ ನನ್ನ ಭಾವಚಿತ್ರದ ಪಕ್ಕದಲ್ಲಿ ನೂರಾ ಹನ್ನೊಂದು ಎಂದಿತ್ತು!

ಹೊರಡುವಾಗ ಗೌರಿ ಅಂಗಿಯ ಕಾಲರು ಸರಿಮಾಡುತ್ತಾ ಹೇಳಿದಳು, “ಪ್ರೊಫೆಸರ್ ಆಗದಿದ್ರೂ ಪರವಾಗಿಲ್ಲ ರೀ. ಇದ್ದದ್ದನ್ನ ಇದ್ದ ಹಾಗೆ ಹೇಳಿ ಬನ್ನಿ.”

“ಹೇಳ್ತೀನಿ,” ಎಂದೆ. ಈ ಸಲ ಮನಸಾರೆ ಹೇಳಿದ್ದೆ.

ಸಮಿತಿಯಲ್ಲಿ ಮೂವರಿದ್ದರು. ನಡುವೆ ಹೊರಗಿನಿಂದ ಬಂದ ಅಧ್ಯಕ್ಷರು, ದಪ್ಪ ಕನ್ನಡಕ, ಗಂಭೀರ ಮುಖ. ನನ್ನ ಅರ್ಜಿ ತಿರುವಿ, “ನೂರಾ ಹನ್ನೊಂದು! ಭೇಷ್!” ಎಂದರು.

“ಸಾರ್,” ಎಂದೆ, ಗೌರಿಯನ್ನು ನೆನೆದು ಧೈರ್ಯ ತಂದುಕೊಂಡು. “ಒಂದು ವಿಷಯ ಹೇಳಬೇಕು. ಅವರೆಲ್ಲ ನನ್ನನ್ನು ಹೊಗಳಿ ಬರೆದದ್ದಲ್ಲ. ನನ್ನ ಲೇಖನ ತಪ್ಪು ಎಂದು ಬೈದು ಬರೆದದ್ದು.”

ಅಧ್ಯಕ್ಷರು ಫಾರಮ್ಮಿನ ಮೇಲೆ ಬೆರಳಾಡಿಸಿದರು. “ಹೊಗಳಿದ್ದು ಎಷ್ಟು, ಬೈದದ್ದು ಎಷ್ಟು ಎಂದು ಇದರಲ್ಲಿ ಕಾಲಂ ಇಲ್ಲವಲ್ಲ,” ಎಂದರು. “ಒಟ್ಟು ಎಷ್ಟು ಎಂದು ಮಾತ್ರ ಇದೆ. ಮೂವತ್ತಕ್ಕಿಂತ ಹೆಚ್ಚಿದೆ. ನಮಗಷ್ಟು ಸಾಕು.” ಪಕ್ಕದ ಇಬ್ಬರೂ ತಲೆಯಾಡಿಸಿ ಪೆನ್ನು ತೆಗೆದರು. ನನ್ನ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಸತ್ಯ ಹೇಳಿದೆ, ಕೆಲಸವೂ ಆಯಿತು!

ಸಹಿ ಹಾಕುವ ಮುನ್ನ ಅಧ್ಯಕ್ಷರು ಲೋಕಾಭಿರಾಮವಾಗಿ ಕೇಳಿದರು, “ನಿಮ್ಮ ತಂದೆಯವರು ಏನು ಮಾಡಿಕೊಂಡಿದ್ದರು?”

ಈ ಒಂದು ಪ್ರಶ್ನೆಗಾದರೂ ತಲೆಯೆತ್ತಿ ಉತ್ತರ ಕೊಡುತ್ತೇನೆ ಎಂದುಕೊಂಡೆ. “ರೈಟರ್ ಆಗಿದ್ದರು ಸಾರ್.”

“ಓಹೋ! ಸಾಹಿತಿಗಳ ಮಗ! ಹಾಗಾದರೆ ಬರವಣಿಗೆ ರಕ್ತದಲ್ಲೇ ಬಂದಿದೆ. ಯಾವ ಪುಸ್ತಕ ಬರೆದಿದ್ದಾರೆ?”

“ಪುಸ್ತಕ ಅಂತಲ್ಲ ಸಾರ್, ಚೆಕ್‌ರೋಲ್...”

“ಚೆಕ್‌ರೋಲ್!” ಅಧ್ಯಕ್ಷರು ಕುರ್ಚಿಗೊರಗಿ ಕಣ್ಣರಳಿಸಿದರು. “ಓದಿದ್ದೇನೆ, ಓದಿದ್ದೇನೆ! ಬಹಳ ಹಿಂದೆ. ತೋಟದ ಕೂಲಿಯವರ ಬದುಕನ್ನು ಎಷ್ಟು ಚೆನ್ನಾಗಿ ಚಿತ್ರಿಸಿದ್ದಾರೆ! ಆ ಕೊನೆಯ ಅಧ್ಯಾಯವಂತೂ ಮರೆಯುವ ಹಾಗೇ ಇಲ್ಲ.”

ಪಕ್ಕದ ಇಬ್ಬರೂ, ತಾವೂ ಓದಿದ್ದೇವೆ ಎಂದರು.

ನಾನು ಬಾಯಿ ತೆರೆದೆ. ಅಧ್ಯಕ್ಷರ ಪೆನ್ನಿನ ತುದಿ ಕಾಗದಕ್ಕಿಂತ ಅರ್ಧ ಬೆರಳು ಮೇಲೆ ನಿಂತಿತ್ತು. ಅಪ್ಪನ ಮುಖ ಕಣ್ಣ ಮುಂದೆ ಬಂತು. ಬರದವರಿಗೆ ಒಂದು ದಿನವೂ ಹಾಜರಿ ಹಾಕದ ಮನುಷ್ಯ!

“ಥ್ಯಾಂಕ್ಯೂ ಸಾರ್,” ಎಂದೆ.

ಅವರು ಸಹಿ ಹಾಕಿದರು. ನಾನು ಪ್ರೊಫೆಸರ್ ಆದೆ.

ಮನೆಗೆ ಬಂದು ಗೌರಿಗೆ ಎಲ್ಲವನ್ನೂ ಹೇಳಿದೆ, ಈ ಕೊನೆಯದೊಂದನ್ನು ಬಿಟ್ಟು. ಈಗ ಇದನ್ನು ಇಲ್ಲಿ ಬರೆದು ಅಚ್ಚು ಹಾಕಿಸುತ್ತಿದ್ದೇನೆ. ಅವಳಿಗೆ ತಿಳಿದುಹೋಗುತ್ತದೆ ಎಂಬ ಭಯವೇನೂ ನನಗಿಲ್ಲ. ನಾನು ಬರೆದದ್ದನ್ನು ಕೊನೆಯ ಸಾಲಿನವರೆಗೆ ಓದಿದವರು ಈ ಜಗತ್ತಿನಲ್ಲಿ ಇದುವರೆಗೆ ಯಾರೂ ಇಲ್ಲ!